ಡಬ್ಬಿ ತುಂಬ ಬರ್ಫ

ಎಳ್ಳಮಾವಾಸ್ಯೆಗೆ ಮೇಲಿನ ಮನೆಗೆ ಹೋದ ಡಬ್ಬಿ ಬೇಸಿಗೆ ಬಂದರೂ ಕೆಳಗಿಳಿದಿರಲಿಲ್ಲ.

ಅದು ಎಂಥದೋ ಡಬ್ಬಿಯಾಗಿದ್ದರೆ ಮಂಗಲಾ ಮರೆತುಬಿಡುತ್ತಿದ್ದಳು. ಮದುವೆಯಲ್ಲಿ ತವರಿನವರು ಕೊಟ್ಟ ಸ್ಟೀಲಿನ ಡಬ್ಬಿ ಅದು. ಮುಚ್ಚಳ ಒತ್ತಿದರೆ ಒಳಗಿನ ಗಾಳಿ ಹೊರಗೆ ಬಾರದು, ಹೊರಗಿನ ಇರುವೆ ಒಳಗೆ ಹೋಗದು. ಬದಿಯಲ್ಲಿ ಚುಕ್ಕೆಚುಕ್ಕೆಯಾಗಿ ಹೆಸರು ಕೊರೆಸಿದ್ದರು: ‘ಸೌ. ಮಂಗಲಾ ಸಿದ್ದರಾಮ’. ಸಿದ್ದರಾಮ ತೀರಿಕೊಂಡು ಎಂಟು ವರ್ಷವಾಗಿತ್ತು. ಹೆಸರು ಮಾತ್ರ ತೊಳೆದಷ್ಟೂ ಹೊಳೆಯುತ್ತಿತ್ತು.

ಆ ಹಬ್ಬದ ದಿನ ಅದರಲ್ಲಿ ಕಾಳು ಸೊಪ್ಪು ಬೇಯಿಸಿದ ಭಜ್ಜಿ ತುಂಬಿ, ಮೇಲೆ ಎರಡು ಸಜ್ಜೆ ರೊಟ್ಟಿ ಇಟ್ಟು, ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ಸಂಕೇತನಿಗೆ ಕೊಟ್ಟಿದ್ದಳು. ಅವನು ತಾಂಡೂರಿನವನು. ನಾರಾಯಣಖೇಡದ ಹಾಲು ಶೀತಲೀಕರಣ ಕೇಂದ್ರದಲ್ಲಿ ಸೂಪರ್‌ವೈಸರ್. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಜಹೀರಾಬಾದಿಗೆ ಮರಳುವ ಒಂಟಿ ಗಂಡಸು. ಮದುವೆಯಾಗಿತ್ತಂತೆ, ಸೇರಿಬರಲಿಲ್ಲವಂತೆ, ಕಾಗದಪತ್ರವೂ ಮುಗಿದಿದೆಯಂತೆ. ಇಷ್ಟು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ.

ಒಬ್ಬರ ಮನೆಯಿಂದ ಬಂದ ಪಾತ್ರೆಯನ್ನು ಬರಿದಾಗಿ ಮರಳಿಸಬಾರದು ಎಂಬುದು ಓಣಿಯಲ್ಲಿ ಎಲ್ಲರಿಗೂ ಗೊತ್ತು. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ. ಇವನು ತುಂಬಿಸಿಯೂ ಕೊಡಲಿಲ್ಲ, ಬರಿದಾಗಿಯೂ ಕೊಡಲಿಲ್ಲ. ಮೆಟ್ಟಿಲ ಮೇಲೆ ಎದುರಾದರೆ ‘ಬರ್ತೀನ್ರಿ’ ಎಂದು ತಲೆ ತಗ್ಗಿಸಿ, ಏನೋ ಕಳೆದುಕೊಂಡವನಂತೆ ಮೆಟ್ಟಿಲುಗಳನ್ನೇ ನೋಡುತ್ತ ಹೋಗುತ್ತಿದ್ದ.

ತಿಂದು ಮರೆಯುವ ಜಾತಿಯ ಗಂಡಸು ಎಂದು ಮಂಗಲಾ ತೀರ್ಮಾನಿಸಿದ್ದಳು.

ಆ ದಿನ ಅವಳು ಮೆಟ್ಟಿಲು ಹತ್ತಲು ನಿಜವಾದ ಕಾರಣ ಡಬ್ಬಿಯಲ್ಲ, ಕರೆಂಟು. ಬೆಳಕು ಹರಿಯುವ ಹೊತ್ತಿಗೆ ಎದ್ದ ಬಿರುಗಾಳಿ ಊರನ್ನೆಲ್ಲ ಒಮ್ಮೆ ಕೊಡವಿ ಹೋಗಿತ್ತು. ಕೊಹೀರ್ ದಾಟಿ ಹೈವೇ ಬದಿಯ ಕಂಬಗಳು ಸಾಲಾಗಿ ಮಲಗಿದ್ದವು. ಲೈನ್‌ಮನ್ ಯಂಕಪ್ಪ ಫೋನಿನಲ್ಲಿ, “ಮಧ್ಯಾಹ್ನ ಆಗ್ತದಕ್ಕಾ, ಫಿಕರ್ ಮಾಡಬ್ಯಾಡ,” ಎಂದಿದ್ದ. ಆರ್ಡರಿಗೆ ಅಡುಗೆ ಮಾಡಿಕೊಡುವ ಮಂಗಲಾಳ ಫ್ರಿಜ್ಜಿನಲ್ಲಿ ನಾಳಿನ ಕುಬಸದ, ಅಂದರೆ ಸೀಮಂತದ, ಬುತ್ತಿಯ ಹೂರಣವಿತ್ತು, ಖವಾ ಇತ್ತು, ತುರಿದ ಕೊಬ್ಬರಿ ಇತ್ತು, ಮೊಸರಿಗೆಂದು ಕಾಯಿಸಿ ಆರಿಸಿದ ಹಾಲಿತ್ತು. ಫಿಕರ್ ಮಾಡದೆ ಏನು ಮಾಡುವುದು?

ಥಪ್.

ಅಡುಗೆಮನೆಯಲ್ಲಿ ಅತ್ತೆ ಗುರುಲಿಂಗಮ್ಮ ಮತ್ತೆ ಫ್ರಿಜ್ಜಿನ ಬಾಗಿಲು ಹಾಕಿದ ಸದ್ದು.

“ಅತ್ತೀ, ಮತ್ತ ಯಾಕ ತೆಗದ್ರಿ?”

“ತಂಪು ಅದನೋ ಹೋಗ್ಯಾದೋ ನೋಡ್ದೆ. ಇನ್ನೂ ಅದ.”

“ನೀವು ನೋಡಿ ನೋಡೇ ಹೋಗ್ತದ ಅದು!”

“ನನ್ನ ಕಣ್ಣಾಗೇನು ಕೆಂಡ ಅದಾವೇನು?” ಎಂದು ಗುರುಲಿಂಗಮ್ಮ ಸೆರಗು ಕೊಡವಿ ಹೊರಗೆ ಬಂದಳು. ಅರ್ಧ ಗಳಿಗೆ ಕಳೆಯುವಷ್ಟರಲ್ಲಿ ಮತ್ತೆ ಥಪ್.

ಈ ಸಿಟ್ಟೆಲ್ಲ ಯಾರ ಮೇಲಾದರೂ ಇಳಿಯಬೇಕಿತ್ತು. ಮಂಗಲಾ ಮೇಲೆ ಹೋಗಿ ಬಾಗಿಲು ಬಡಿದಳು.

ಸಂಕೇತ ಬಾಗಿಲು ತೆರೆದ. ಅರ್ಧ ಮುಖ ಸೋಪಿನ ನೊರೆ, ಅರ್ಧ ಮುಖ ಆಗತಾನೆ ಬೋಳಿಸಿದ ಹಸಿ ಕಪ್ಪು. ಅವಳನ್ನು ಕಂಡದ್ದೇ ನೊರೆಯಿಲ್ಲದ ಕೆನ್ನೆ ಬಣ್ಣ ಬದಲಿಸಿತು.

“ಸಂಕೇತ ಸರ, ನಮ್ಮ ಡಬ್ಬಿ ಬೇಕಾಗ್ಯಾದ.”

“ಡಬ್ಬಿ... ಈಗ ಬ್ಯಾಡ್ರಿ. ಸಂಜಿಗಿ ಕೊಡ್ತೀನಿ.”

“ಎಳ್ಳಮಾಸಿಂದ ನಿಮಗ ಸಂಜೀನ ಆಗಿಲ್ಲೇನ್ರಿ?”

ಅವನು ಏನೋ ಹೇಳಲು ಹೋದ. ನೊರೆ ತುಟಿಗಿಳಿಯಿತು. ಒರೆಸಿಕೊಂಡು, ಬಾಗಿಲ ಚೌಕಟ್ಟಿಗೆ ಹೇಳುವವನಂತೆ ಹೇಳಿದ: “ಇನ್ನೊಂದು ಮಾತ್ರಿ. ಫ್ರಿಜ್ಜಿನ ಬಾಗಲಾ ತೆಗಿಬ್ಯಾಡ್ರಿ. ಮುಂಜಾನಿಂದ ಕೇಳಾಕತ್ತೀನಿ, ಥಪ್ ಥಪ್ ಅಂತ...”

“ನಮ್ಮ ಮನೀ ಬಾಗಲಾ ನೀವು ಮ್ಯಾಲ ಕುಂತು ಎಣಸಾಕತ್ತೀರೇನು?”

“ಎಣಸೂದಿಲ್ರಿ. ಕಿವಿಗಿ ಬೀಳ್ತದ.”

“ಕಿವಿ ಮುಚಗೊಂಡು ಡಬ್ಬಿ ಹುಡಕ್ರಿ,” ಎಂದು ಅವಳು ತಿರುಗಿದಳು.

ಮೆಟ್ಟಿಲಿಳಿಯುವಾಗ ಆ ಅರ್ಧ ಬಿಳಿ ಅರ್ಧ ಕಪ್ಪು ಮುಖ ಕಣ್ಣೆದುರು ಬಂದು ಅವಳ ತುಟಿ ತಾನಾಗಿಯೇ ಅರಳಿತು. ಓಣಿಯಲ್ಲಿ ಯಾರಾದರೂ ನೋಡಿದರೇನೋ ಎಂದು ಸೆರಗಿನಿಂದ ಮುಚ್ಚಿಕೊಂಡಳು. ಇನ್ನೊಂದೂ ನೆನಪಾಯಿತು. ಓಣಿಯ ಮಂದಿಯೆಲ್ಲ ಅವಳನ್ನು ಮಂಗಲಕ್ಕ ಎನ್ನುತ್ತಾರೆ. ಹಾಲಿನವನು, ಗ್ಯಾಸಿನವನು, ತನಗಿಂತ ಹಿರಿಯನಾದ ಯಂಕಪ್ಪ ಕೂಡ. ಇವನೊಬ್ಬ ಒಮ್ಮೆಯೂ ಅಕ್ಕ ಎಂದಿರಲಿಲ್ಲ.

ಆದರೂ ಕೆಳಗೆ ಬಂದವಳು ಅತ್ತೆಯ ಹಳೆಯ ಇಳಕಲ್ ಸೀರೆಯ ಅಂಚು ಹರಿದು, ಫ್ರಿಜ್ಜಿನ ಹೊಟ್ಟೆಗೆ ಸುತ್ತಿ ಗಂಟು ಹಾಕಿದಳು.

“ಇದೇನಽ ಇದು?” ಗುರುಲಿಂಗಮ್ಮ ಕಣ್ಣರಳಿಸಿದಳು. “ಫ್ರಿಜ್ಜಿಗೂ ಕುಬಸ ಮಾಡಾಕತ್ತೀಯೇನು?”

“ಹೌದ್ರಿ. ಹೊಟ್ಟ್ಯಾಗ ಇದ್ದದ್ದು ಚಂದಂಗ ಇರ್ಲಿ ಅಂತ.”

ಅತ್ತೆ ಸೊಸೆ ಇಬ್ಬರೂ ನಕ್ಕರು. ನಗು ಮುಗಿದ ಮೇಲೂ ಇಬ್ಬರ ಕಣ್ಣು ಆ ಗಂಟಿನ ಮೇಲೆಯೇ ಉಳಿದವು.

ಕುಬಸ ಕೊಹೀರಿನ ಶ್ರೀಪ್ರಿಯಾಳದು. ಏಳರಲ್ಲಿದ್ದಾಳೆ, ಚೊಚ್ಚಲು. ಬುತ್ತಿ ಮಂಗಲಾಳ ಕೈಯಿಂದಲೇ ಆಗಬೇಕೆಂದು ಹಟ ಹಿಡಿದಿದ್ದಳು. ಚಿಕ್ಕವಳಿದ್ದಾಗ ಇದೇ ಓಣಿಯಲ್ಲಿ ಮಂಗಲಾಳ ಹಿಂದೆ ಹಿಂದೆ ತಿರುಗಿದ ಹುಡುಗಿ ಅವಳು. ಅವಳ ತಾಯಿಗೆ ಇಷ್ಟವಿರಲಿಲ್ಲ. ಬಾಯಿಬಿಟ್ಟು ಹೇಳದಿದ್ದರೂ, “ನಮ್ಮದೇನಿಲ್ಲವ್ವ, ಮಂದಿ ಒಂದೊಂದು ಅಂತಾರ,” ಎಂದಿದ್ದಳು. ಗಂಡನಿಲ್ಲದವಳ ಕೈಯ ಬುತ್ತಿ ಬಸುರಿಯ ಉಡಿಗೆ ಹೋಗಬಹುದೇ ಎನ್ನುವ ಮಾತದು.

“ಲಿಂಗ ಕಟಗೊಂಡ ಮೈಗಿ ಎಲ್ಲೀದು ಮೈಲಿಗಿ?” ಎಂದು ಗುರುಲಿಂಗಮ್ಮ ಆ ದಿನ ಎದ್ದು ನಿಂತೇ ಕೇಳಿದ್ದಳು. ಶ್ರೀಪ್ರಿಯಾಳ ತಾಯಿ ಅದಕ್ಕೆ ಉತ್ತರ ಕೊಡದೆ ಆರ್ಡರ್ ಕೊಟ್ಟು ಹೋಗಿದ್ದಳು.

ಅದಕ್ಕೇ ಮಂಗಲಾಳಿಗೆ ಬೆಳಗಿನಿಂದ ಇಷ್ಟು ಫಿಕರ್. ಅಡುಗೆ ಕೆಟ್ಟರೆ ಯಾರೂ ಕರೆಂಟನ್ನು ಬೈಯುವುದಿಲ್ಲ. ಕೈಯನ್ನು ಬೈಯುತ್ತಾರೆ. ಅದರಲ್ಲೂ ಇಂಥ ಕೈಯನ್ನು.

ಮಧ್ಯಾಹ್ನ ಕರೆಂಟು ಬರಲಿಲ್ಲ. ಬಿಸಿಲು ಮಾತ್ರ ಗಾಳಿಗೆ ಹರಿದುಹೋದ ಹಿತ್ತಿಲ ಮಾಡಿನ ತಗಡಿನ ಸಂದಿಯಿಂದ ಒಳಗೆ ಬಂದು ಕೂತಿತು. ಯಂಕಪ್ಪನ ಮಾತು ‘ಮಧ್ಯಾಹ್ನ’ದಿಂದ ‘ಸಂಜಿ’ಗೆ ಸರಿದು, ಆಮೇಲೆ ಫೋನು ಸ್ವಿಚ್ ಆಫ್ ಆಯಿತು. ಕೆಡದೆ ಉಳಿಯುವುದನ್ನು ಮಂಗಲಾ ಒಂದು ಕಡೆ ಹೊಂದಿಸಿಟ್ಟಳು. ಪಸ್ತಾಪುರದ ಸಂಘದ ಹೆಂಗಸರಿಂದ ತಂದ ಜೋಳದ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಎಂಬ ಚಟ್ನಿಪುಡಿಗಳು, ಎಳ್ಳು ಹೋಳಿಗೆ. ಇವಕ್ಕೆ ಫ್ರಿಜ್ಜೂ ಬೇಡ, ಕರೆಂಟೂ ಬೇಡ. ಇವನ್ನು ಕಲಿಸಿದ ಅಜ್ಜಿಯರ ಕಾಲದಲ್ಲಿ ಎರಡೂ ಇರಲಿಲ್ಲ.

ಆದರೆ ಹೂರಣದ ಹೋಳಿಗೆ ಇಲ್ಲದ ಕುಬಸ ಯಾರೂ ಕಂಡಿಲ್ಲ. ಆ ಹೂರಣ ಗಂಟು ಹಾಕಿದ ಬಾಗಿಲ ಹಿಂದೆ ಇತ್ತು. ಹೇಗಿದೆಯೋ ನೋಡಬೇಕೆನಿಸುತ್ತಿತ್ತು. ನೋಡಿದರೆ ಗೊತ್ತಾಗಿಬಿಡುತ್ತದೆ ಎಂಬ ಭಯವೂ ಇತ್ತು. ಎಷ್ಟೋ ವರ್ಷಗಳಿಂದ ತನ್ನೊಳಗಿನ ಎಷ್ಟೋ ಬಾಗಿಲುಗಳನ್ನು ಅವಳು ಹೀಗೆಯೇ ಕಟ್ಟಿಟ್ಟು ಬಂದಿದ್ದಳು. ತೆರೆಯದಿದ್ದರೆ ಕೆಟ್ಟಿಲ್ಲ ಎಂದುಕೊಳ್ಳಬಹುದಲ್ಲ.

ಸಂಜೆ ನಾರಾಯಣಖೇಡದ ಬಸ್ಸು ಬಂದ ಹೊತ್ತಿಗೆ ಓಣಿಯ ತುದಿಯಲ್ಲಿ ಗದ್ದಲ ಕೇಳಿಸಿತು.

ಸಂಕೇತ ಬರುತ್ತಿದ್ದ. ಒಂದು ಕೈಯಲ್ಲಿ ಗೋಣಿಚೀಲ ಸುತ್ತಿದ ಹಾಲಿನ ಕ್ಯಾನು, ಇನ್ನೊಂದು ಕೈಯಲ್ಲಿ ಅವಳ ಡಬ್ಬಿ. ಪ್ಯಾಂಟು ಮೊಣಕಾಲಿನ ಕೆಳಗೆ ಪೂರ್ತಿ ಒದ್ದೆ. ಹಿಂದೆ ನೀರಿನ ಗೆರೆ ಬಸ್‌ಸ್ಟ್ಯಾಂಡಿನ ತನಕ ಎಳೆದಿತ್ತು. ಅಂಗಡಿ ಕಟ್ಟೆಯ ಮೇಲಿನವರು, “ಸರ, ಗಂಗಾನ ಹಿಡಕೊಂಡು ಬಂದೀರೇನ್ರಿ?” ಎಂದು ಕೂಗುತ್ತಿದ್ದರು.

ಅವನು ಸೀದಾ ಕೆಳಗಿನ ಮನೆಯ ಬಾಗಿಲಿಗೆ ಬಂದು ನಿಂತು ಡಬ್ಬಿ ಮುಂದೆ ಹಿಡಿದ.

“ತಗೋರಿ. ಖಾಲಿ ಕೊಡಬಾರದಂತ.”

ಮಂಗಲಾ ಮುಚ್ಚಳ ತೆಗೆದಳು. ಒಳಗೆ ಕಂಠಮಟ್ಟ ಬರ್ಫ, ಮಂಜುಗಡ್ಡೆ. ಒಡೆದ ತುಂಡುಗಳು ಸಂಜೆಯ ಬೆಳಕನ್ನು ಹಿಡಿದು ಹರಳುಗಳಂತೆ ಕಣ್ಣು ಹೊಡೆಯುತ್ತಿದ್ದವು. ತಣ್ಣನೆಯ ಹೊಗೆ ಅವಳ ಬೆವೆತ ಮುಖಕ್ಕೆ ಮುಟ್ಟಿತು.

ಅವಳಿಗೆ ಮೊದಲು ಅಳು ಬಂತು. ಹೊರಬಂದದ್ದು ಮಾತ್ರ ನಗು. ಗುರುಲಿಂಗಮ್ಮ ಒಳಗಿನಿಂದ ಓಡಿ ಬರುವಷ್ಟು ದೊಡ್ಡ ನಗು.

“ಕ್ಯಾನಿನ್ಯಾಗೂ ಅದೇ ಅದ,” ಎಂದ ಸಂಕೇತ. ಅವಳ ನಗುವನ್ನು ನೋಡುತ್ತಿದ್ದವನು ತಾನು ನೋಡುತ್ತಿರುವುದು ಗೊತ್ತಾಗಿ ಕ್ಯಾನಿನ ಕಡೆ ಬಾಗಿದ. “ಖೇಡದಾಗ ಬರ್ಫಿನ ಅಂಗಡಿಯವನ ಹತ್ರ ಜನರೇಟರ್ ಅದ. ಕಟಗಿ ಹೊಟ್ಟು ಹಾಕಿ ಕಟ್ಟಿಸ್ಕೊಂಡು ಬಂದೆ. ಕಂಡಕ್ಟರ್ ಬಸ್ಸಿನ್ಯಾಗ ಹತ್ತಸವಲ್ಲ. ‘ಸಾರೂ, ಇದಿ ಬಸ್ಸಾ, ಐಸ್ ಬಂಡಿಯಾ?’ ಅಂತಾನ. ಹಿಂದಿನ ಸೀಟಿನ ಅಜ್ಜಿ ಕಾಲು ತೊಯ್ದ್ವು, ಬೈತಾಳಂತ ಮಾಡಿದ್ದೆ. ‘ಛಲೋ ಆತು ಮಗಾ, ಅಂಗಾಲು ಉರಿತಿತ್ತು’ ಅಂದ್ಲು.”

“ಇಷ್ಟು ದಿವ್ಸ ಡಬ್ಬಿ ಎಲ್ಲಿತ್ತಪಾ?” ಗುರುಲಿಂಗಮ್ಮ ಸೊಂಟದ ಮೇಲೆ ಕೈಯಿಟ್ಟಳು.

“ಮನ್ಯಾಗೇ ಇತ್ರಿ ಅಮ್ಮಾರ. ಒಮ್ಮೆ ತಾಂಡೂರಿಂದ ತೊಗರಿಬ್ಯಾಳಿ ತಂದು ಹಾಕ್ದೆ. ಬಾಡಿಗಿ ಬದಲಿಗಿ ಬ್ಯಾಳಿ ಕೊಟ್ಟಂಗ ಕಾಣಸ್ತು, ತೆಗದೆ. ಒಮ್ಮೆ ಪೇಢಾ ಹಾಕ್ದೆ. ಮುಚ್ಚಳ ಸರಿ ಒತ್ತಲಿಲ್ಲ, ಇರುವಿ ತಿಂದ್ವು. ಒಮ್ಮೆ ಚೂಡಾ ಹಾಕ್ದೆ...”

“ಅದು?”

“ಬಸ್ಸಿನ್ಯಾಗ ಹಸಿವಾತ್ರಿ.”

ಗುರುಲಿಂಗಮ್ಮ ಹೊಟ್ಟೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತಳು. “ಹುಚ್ಚಪ್ಪ, ಒಂದು ಚೂರು ಬೆಲ್ಲ ಇಟ್ಟಿದ್ರೂ ಆಗ್ತಿತ್ತು. ಎರಡು ಮನೀ ನಡುವ ಡಬ್ಬಿ ಖಾಲಿ ತಿರಗಬಾರದು, ಅಷ್ಟೇ. ಒಂದೇ ಮನ್ಯಾಗಾದ್ರ ತುಂಬೇದನೋ ಖಾಲಿ ಅದನೋ ಯಾರು ಕೇಳ್ತಾರ?”

ಅವಳು ಸಹಜವಾಗಿ ಹೇಳಿದ ಮಾತದು. ಆದರೆ ಮಂಗಲಾ ಮತ್ತು ಸಂಕೇತ ಒಂದೇ ಸಲ ಬರ್ಫವನ್ನು ನೋಡತೊಡಗಿದರು.

ಫ್ರಿಜ್ಜನ್ನು ಒಂದೇ ಸಲ ತೆರೆದು ಒಂದೇ ಸಲ ಮುಚ್ಚಬೇಕು ಎಂದ ಸಂಕೇತ. ಎಲ್ಲಿ ಏನಿದೆ ಮೊದಲೇ ಹೇಳಿ, ತೆಗೆದದ್ದೆಲ್ಲ ಸೀದಾ ಕ್ಯಾನಿನ ಬರ್ಫಕ್ಕೆ ಹೋಗಬೇಕು ಎಂದ. ಮಂಗಲಾ ಮುಚ್ಚಿದ ಬಾಗಿಲ ಮುಂದೆ ನಿಂತು, ಕಣ್ಣೂ ಮುಚ್ಚಿ, ಕೈಯಿಂದ ಗಾಳಿಯಲ್ಲಿ ತೋರಿಸುತ್ತ ಹೇಳಿದಳು.

“ಮ್ಯಾಲ ಫ್ರೀಜರಿನ್ಯಾಗ ಬಲಕ್ಕ ಖವಾ, ಎಡಕ್ಕ ಕೊಬ್ಬರಿ. ಕೆಳಗ ಮೊದಲನೇ ತಟ್ಟ್ಯಾಗ ಹಾಲಿನ ಪಾತೇಲಿ. ಅದರ ಕೆಳಗ... ಹೂರಣ.”

ಹೇಳಿ ಮುಗಿಸಿ ಕಣ್ಣು ತೆರೆದಳು. ಅವನು ಫ್ರಿಜ್ಜನ್ನು ನೋಡುತ್ತಿರಲಿಲ್ಲ. ಅವಳ ಮುಚ್ಚಿದ ರೆಪ್ಪೆಗಳನ್ನು ನೋಡುತ್ತಿದ್ದವನು ಸಿಕ್ಕಿಬಿದ್ದಿದ್ದ. ನೋಟ ಹೊರಳಿಸಲು ಒಂದು ಕ್ಷಣ ತಡಮಾಡಿದ. ಆ ಒಂದು ಕ್ಷಣ ಅಡುಗೆಮನೆಯಲ್ಲಿ ಯಾವ ಸೆಕೆಯೂ ಇರಲಿಲ್ಲ.

“ಕೇಳಸ್ತೇನ್ರಿ?” ಎಂದಳು ಮಂಗಲಾ.

“ಮತ್ತೊಮ್ಮೆ ಹೇಳ್ರಿ,” ಎಂದ ಅವನು, ಪಾಠ ತಪ್ಪಿದ ಹುಡುಗನ ಹಾಗೆ.

ಗಂಟು ಬಿಚ್ಚಿದರು. ಫ್ರೀಜರಿನ ಖವಾ ಇನ್ನೂ ಕಲ್ಲಿನಂತಿತ್ತು, ಕೊಬ್ಬರಿಯ ಮೇಲೆ ಹಿಮದ ಪುಡಿ ಹಾಗೇ ಇತ್ತು. ಎರಡೂ ಕ್ಯಾನಿಗೆ ಹೋದವು. ಹಾಲಿನ ಪಾತ್ರೆ ಮುಟ್ಟಿದರೆ ಬೆಚ್ಚಗಿತ್ತು, ಚೆಲ್ಲಲೆಂದು ಬದಿಗಿಟ್ಟರು. ಕೊನೆಗೆ ಹೂರಣ ಬಂತು. ದೊಡ್ಡ ಪಾತೇಲಿ, ಹೊಳೆಯುವ ಚಿನ್ನದ ಬಣ್ಣ, ಏಲಕ್ಕಿ ಜಾಜಿಕಾಯಿಯ ಪರಿಮಳ.

ಮಂಗಲಾ ಮೂಸಿದಳು. “ವಾಸನಿ ಛಲೋನೇ ಅದ ನೋಡ್ರಿ!”

ಸಂಕೇತ ಕಿಸೆಯಿಂದ ಹಾಲಿನ ತಾಪ ನೋಡುವ ಕಡ್ಡಿ ತೆಗೆದು, ತೊಳೆದು, ಹೂರಣದ ನಡುವಿಗೆ ಚುಚ್ಚಿದ. ಸ್ವಲ್ಪ ಹೊತ್ತು ಕಾದು ನೋಡಿದ. ಕಡ್ಡಿಯನ್ನು ಅವಳ ಕೈಗೆ ಕೊಟ್ಟ.

ಓದುವುದು ಬೇಕಿರಲಿಲ್ಲ. ಲೋಹದ ತುದಿ ಬೆರಳಿಗೆ ಬೆಚ್ಚಗೆ ತಾಗಿತು. ನಿನ್ನೆ ಹೂರಣ ಪೂರ್ತಿ ಆರುವ ಮೊದಲೇ ತಾನು ಒಳಗಿಟ್ಟದ್ದು, ಬೆಳಗಿನಿಂದ ಅತ್ತೆ ಬಾಗಿಲು ತೆಗೆದು ತೆಗೆದು ನೋಡಿದ್ದು, ಎಲ್ಲ ಆ ತುದಿಯಲ್ಲಿತ್ತು.

“ಮತ್ತೊಮ್ಮೆ ಕುದಿಸಿದ್ರ?”

“ಹಾಲೂ ಹಿಂಗೇ ಮೋಸ ಮಾಡ್ತದ್ರಿ. ಕೆಟ್ಟೀನಿ ಅಂತ ಮೂಗಿಗಿ ಎಲ್ಲಾರಕಿಂತ ಕಡೀಗಿ ಹೇಳ್ತದ. ಕುದಿಸಿದ್ರ ಎಲ್ಲಾ ಹೋಗ್ತದಂತ ಹೇಳಾಕ ಬರೂದಿಲ್ಲ.” ಅವನು ತಡೆದು ಹೇಳಿದ: “ನಾನಾದ್ರ ತಿಂತಿದ್ದಿಲ್ರಿ. ಆದ್ರ ಅಡಗಿ ನಿಮ್ಮದು. ಮಾತು ನಿಮ್ಮದೇ ಕಡೀದು.”

ಯಾರಾದರೂ ‘ನಡೀತದ ಬಿಡು’ ಎಂದಿದ್ದರೆ ಎಷ್ಟು ಸುಲಭವಿತ್ತು ಎನಿಸಿತು ಅವಳಿಗೆ. ಎಂಟು ವರ್ಷಗಳಿಂದ ಎಲ್ಲರೂ ಅವಳಿಗೆ ಎಲ್ಲದಕ್ಕೂ ಹಾಗೆಯೇ ಹೇಳಿದ್ದರು. ಒಂಟಿ ಊಟ ನಡೀತದ, ಮದುವೆ ಮನೆಯಲ್ಲಿ ಹಿಂದಿನ ಸಾಲು ನಡೀತದ. ನಡೆಯುವುದಿಲ್ಲ ಎಂಬುದನ್ನು ಅವಳ ಮುಖ ನೋಡಿ ಹೇಳಿದವನು ಇವನೊಬ್ಬನೇ.

ಶ್ರೀಪ್ರಿಯಾಳ ಹೊಟ್ಟೆ ಕಣ್ಣ ಮುಂದೆ ಬಂತು. ಮಂಗಲಾ ಪಾತೇಲಿಯನ್ನು ಎತ್ತಿ ಸೊಂಟಕ್ಕಿಟ್ಟುಕೊಂಡು ಹಿತ್ತಿಲಿಗೆ ನಡೆದಳು.

“ಅಯ್ಯ ನಮ್ಮಪ್ಪ, ಇಷ್ಟು ಹೂರಣಾ ಮಣ್ಣಿಗೇನಽ?” ಗುರುಲಿಂಗಮ್ಮ ಹಿಂದೆಯೇ ಬಂದಳು. “ಆಕಳಿಗರೆ ಹಾಕು!”

“ಆಕಳಿಗಿ ಹೊಟ್ಟಿ ಇಲ್ಲೇನತ್ತೀ?”

ಸಂಕೇತ ಬೇವಿನ ಮರದ ಬುಡದಲ್ಲಿ ಗುಂಡಿ ತೋಡಿದ. ಮಂಗಲಾ ಸುರಿದಳು. ಮಣ್ಣು ಎಳೆಯುವಾಗ ಅವಳ ಕಣ್ಣು ತುಂಬಿ ಬಂತು. ಅತ್ತೆ ಕೈ ತೊಳೆಯಲು ಹೋದದ್ದು ನೋಡಿ, ಮೆಲ್ಲಗೆ, ಯಾರಿಗೂ ಹೇಳದಿದ್ದುದನ್ನು ಹೇಳಿದಳು.

“ನಾಳಿ ಹೋಳಿಗಿ ಇಲ್ಲಂದ್ರ, ಆಕಿ ಕೈಗುಣ ಅಂತಾರ್ರಿ. ಈ ಕೈ ಹಂಗಂತ.”

ಅವನು ಸಲಿಕೆಯನ್ನು ನೆಲಕ್ಕೂರಿ ನಿಂತ. “ಈ ಕೈ ಈಗ ಏನು ಮಾಡ್ತು ನಾ ನೋಡೀನಿ. ಒಂದು ಕೂಸಿಗಿ ಏನೂ ಆಗಬಾರದಂತ ತಾನು ಮಾಡಿದ್ದನ್ನ ತಾನೇ ಮಣ್ಣಿಗಿ ಹಾಕ್ತು. ಇದಕ್ಕಿಂತ ಛಲೋ ಕೈ ಕುಬಸಕ್ಕ ಎಲ್ಲಿ ಸಿಗ್ತದ್ರಿ?”

ಮಂಗಲಾ ತನ್ನ ಕೈಗಳನ್ನು ನೋಡಿಕೊಂಡಳು. ಮಣ್ಣು ಮೆತ್ತಿದ್ದವು. ಬಹಳ ದಿನಗಳ ಮೇಲೆ ಅವು ಅವಳಿಗೆ ಚಂದ ಕಂಡವು.

“ಮನ್ಯಾಗ ಕಡಲಿಬ್ಯಾಳಿ ಅದ, ಬೆಲ್ಲ ಅದ, ಗ್ಯಾಸ್ ಅದ,” ಎಂದಳು ಮೂಗು ಒರೆಸಿಕೊಂಡು. “ಮಿಕ್ಸರ್ ಒಂದು ನಡಿಯೂದಿಲ್ಲ.”

“ಆ ಮೂಲ್ಯಾಗ ಇದ್ದದ್ದು ರುಬ್ಬು ಕಲ್ಲಲ್ಲೇನ್ರಿ?”

“ಅದನ್ನ ತಿರವಾವ್ರು ಯಾರು?”

ಅವನು ಅಂಗಿಯ ತೋಳನ್ನು ಇನ್ನೊಂದು ಮಡಿಕೆ ಮೇಲೇರಿಸಿದ.

ಮರುದಿನ ನಸುಕಿನಲ್ಲಿ, ಬೇಳೆ ಬೆಂದು ಬೆಲ್ಲ ಕರಗಿ ಮನೆಯೆಲ್ಲ ಘಮಗುಡುವ ಹೊತ್ತಿಗೆ, ಸಂಕೇತ ಸ್ನಾನ ಮಾಡಿ ಕೆಳಗಿಳಿದು ಬಂದ. ಹಿತ್ತಿಲ ಕಲ್ಲಿನ ಒಂದು ಬದಿಗೆ ಅವನು, ಇನ್ನೊಂದು ಬದಿಗೆ ಅವಳು.

ರುಬ್ಬುವ ಕೆಲಸ ಇಬ್ಬರದಾದರೆ ಅದಕ್ಕೊಂದು ಒಪ್ಪಂದ ಬೇಕು. ಗುಂಡು ತಿರುಗಿಸುವವನ ಕೈ ಒಂದು ಸುತ್ತು, ಹೂರಣ ಒಳಕ್ಕೆ ಸರಿಸುವವಳ ಕೈ ಒಂದು ಸರಿತ. ಲಯ ತಪ್ಪಿದರೆ ಬೆರಳು ಜಜ್ಜಿಹೋಗುತ್ತದೆ. ಮೊದಮೊದಲು ಅವನು ಹೆದರಿ ಹೆದರಿ ತಿರುಗಿಸಿದ. ಅವಳ ಬೆರಳು ಬಂದಾಗಲೆಲ್ಲ ನಿಲ್ಲಿಸಿಬಿಡುತ್ತಿದ್ದ.

“ಹಿಂಗ ತಿರವಿದ್ರ ಕೂಸು ಹುಟ್ಟಿ ನಡ್ಯಾಕ ಕಲೀತದ,” ಎಂದಳು.

“ನಿಮ್ಮ ಬಳ್ಳು...”

“ನನ್ನ ಬಳ್ಳು ನಾ ನೋಡ್ಕೋತೀನಿ. ನೀವು ನಿಲ್ಲಸಬ್ಯಾಡ್ರಿ.”

ಆಮೇಲೆ ಲಯ ಕೂಡಿತು. ಕಲ್ಲಿನ ಗುರುಗುರು, ಅವಳ ಬಳೆಯ ಸಣ್ಣ ಸದ್ದು, ಬೇವಿನಲ್ಲಿ ಎದ್ದ ಗುಬ್ಬಿಗಳು. ಅವನ ಕೈ ಹೋದ ಜಾಗಕ್ಕೆ ಅವಳ ಕೈ, ಅವಳ ಕೈ ಬಿಟ್ಟ ಜಾಗಕ್ಕೆ ಅವನ ಕೈ. ಮುಟ್ಟಲಿಲ್ಲ. ಮುಟ್ಟದೆಯೇ ಅವಳ ಮೊಣಕೈತನಕ ಒಂದು ಬಿಸಿ ಹರಿಯುತ್ತಿತ್ತು.

“ಡಬ್ಬಿ ಯಾಕ ಕೊಡಲಿಲ್ಲ, ಈಗ ಖರೇ ಹೇಳ್ರಿ,” ಎಂದಳು ಕಲ್ಲಿನಿಂದ ಕಣ್ಣೆತ್ತದೆ.

“ಖರೇ ಹೇಳಿದ್ರ ಮನೀ ಬಿಡು ಅಂತೀರಿ.”

“ಹೇಳದಿದ್ರೂ ಅಂತೀನಿ.”

ಎರಡು ಸುತ್ತು ಕಲ್ಲು ತಿರುಗಿತು.

“ಅದರ ಮ್ಯಾಲ ನಿಮ್ಮ ಹೆಸರಿನ ಜತಿ ಇನ್ನೊಬ್ಬರ ಹೆಸರದ. ಏನು ಹಾಕಾಕ ಹೋದ್ರೂ ಆ ಹೆಸರು ನನ್ನ ನೋಡ್ತಿತ್ತು. ಸುಮ್ಮ ಬಾಡಿಗಿಯವ ಕೊಟ್ಟಂಗ ಕೊಡಾಕ ಮನಸ್ಸು ಬರಲಿಲ್ಲ. ಬ್ಯಾರೆ ಹೆಂಗರೆ ಕೊಡಾಕ ಧೈರ್ಯ ಬರಲಿಲ್ಲ. ಕೊಟ್ಟುಬಿಟ್ರ ಮತ್ತ ನಿಮ್ಮ ಮನೀದೊಂದು ವಸ್ತು ನನ್ನ ಹತ್ರ ಇರೂದಿಲ್ಲಲ್ಲ, ಅದೂ ಒಂದು.”

ಅವಳ ಕೈ ಹೂರಣದಲ್ಲೇ ನಿಂತಿತು. ಅವನೂ ಕಲ್ಲು ಹಿಡಿದು ನಿಲ್ಲಿಸಿದ.

“ಓಣಿ ಮಂದೆಲ್ಲಾ ಮಂಗಲಕ್ಕ ಅಂತಾರ. ನೀವ್ಯಾಕ ಅನ್ನೂದಿಲ್ಲ?”

“ಬಾಯಿಗಿ ಬರಲಿಲ್ರಿ.”

“ಎಂದೂ?”

“ಮೊದಲನೇ ದಿವ್ಸದಿಂದನೂ.”

ಮಂಗಲಾ ತಲೆಯೆತ್ತಿದಳು. ನಸುಕಿನ ಬೆಳಕಿನಲ್ಲಿ ಅವನ ಹಣೆಗೆ ಹೂರಣದ ಒಂದು ತುಣುಕು ಸಿಡಿದು ಅಂಟಿತ್ತು. ಒರೆಸಬೇಕೆಂದು ಅವಳ ಕೈ ತಾನಾಗಿ ಅರ್ಧ ಎದ್ದಿತು. ಅರ್ಧದಲ್ಲೇ ನಿಂತ ಆ ಕೈಯನ್ನು ಅವನು ನೋಡಿದ, ಅವಳೂ ನೋಡಿದಳು.

“ಅತ್ತಿ ಅದಾರ,” ಎಂದಳು ಕೊನೆಗೆ. ಅದು ಹೌದೂ ಅಲ್ಲ, ಅಲ್ಲವೂ ಅಲ್ಲ. ಮಗ ಹೋದ ಮೇಲೆ ತಾನೊಬ್ಬಳೇ ಅವಳಿಗೆ ಉಳಿದವಳು. ತಾನು ಯಾರ ಮನೆಗೆ ಹೋದರೂ ಆ ಮುದುಕಿಯ ಎದುರಿನ ತಾಟು ಖಾಲಿಯಾಗುತ್ತದೆ.

“ಅವರನ್ನ ಬಿಟ್ಟು ಬಾ ಅನ್ನಾಕ ನಾ ಎಲ್ಲಿಗೂ ಕರದಿಲ್ರಿ. ನಾ ಇರೂದು ಮ್ಯಾಲಿನ ಮನ್ಯಾಗ,” ಎಂದ ಸಂಕೇತ. “ಕೆಳಗ ಬರಾಕ ಮೆಟ್ಟ್ಲಾ ನಂಗ ಗೊತ್ತದಾವ. ನಮ್ಮವ್ವ ಮಾಲತೀಬಾಯಿಗೂ ಹೇಳೀನಿ. ಮೊದಲ ಡಬ್ಬಿ ಕೊಡು, ಆಮ್ಯಾಲ ಮಾತಾಡು ಅಂದಾಳ.”

“ಕಲ್ಲು ಯಾಕ ನಿಂತದ?” ಒಳಗಿನಿಂದ ಗುರುಲಿಂಗಮ್ಮನ ಕೂಗು. “ಹೂರಣ ತಾನೇ ಸಣ್ಣಾಗ್ತದೇನು?”

ಕಲ್ಲು ಗಡಬಡಿಸಿ ತಿರುಗಿತು. ಬೆರಳು ಜಜ್ಜಲಿಲ್ಲ.

ಹೊತ್ತೇರುವಷ್ಟರಲ್ಲಿ ಹೋಳಿಗೆ ಬೆಂದವು. ಬರ್ಫದಲ್ಲಿ ಕಾದಿದ್ದ ಖವಾದ ಕಡಬು, ಕೊಬ್ಬರಿಯ ಕರ್ಚಿಕಾಯಿ ಆದವು. ಮೊಸರು ಬುತ್ತಿಗೆ, ಆ ದಿನ ರಜೆ ಹಾಕಿದ್ದ ಸಂಕೇತ ಕೇಂದ್ರದಿಂದ ಬೆಳಗಿನ ಗಾಡಿಯಲ್ಲಿ ತಾಜಾ ಮೊಸರು ತರಿಸಿದ. ಕೊಹೀರಿನ ಜೀಪು ಬಂದು ಬುತ್ತಿಯ ಗಂಟುಗಳನ್ನು ಹೊತ್ತು ಹೋಯಿತು. ಮಂಗಲಾ ಬಾಗಿಲಲ್ಲಿ ನಿಂತು ಧೂಳು ಅಡಗುವ ತನಕ ನೋಡಿದಳು. ಆಮೇಲೆ ಡಬ್ಬಿಯಲ್ಲಿ ಬಿಸಿ ಹೋಳಿಗೆ ತುಂಬಿ, ತುಪ್ಪ ಹಾಕಿ, ಮೇಲಿನ ಮನೆಯ ಬಾಗಿಲ ಮುಂದಿಟ್ಟು, ಬಾಗಿಲು ಬಡಿದು ಓಡಿ ಬಂದಳು. ಹದಿನಾರರ ಹುಡುಗಿಯ ಹಾಗೆ ಏದುಸಿರು ಬಿಡುತ್ತಿದ್ದವಳನ್ನು ಅತ್ತೆ ಕನ್ನಡಕದ ಮೇಲಿನಿಂದ ನೋಡಿದಳು.

ಮಧ್ಯಾಹ್ನ ಶ್ರೀಪ್ರಿಯಾಳ ಫೋನು ಬಂತು. ಹಿಂದೆ ಹಾಡಿನ ಗದ್ದಲ.

“ಮಂಗಲಕ್ಕಾ, ನಮ್ಮ ಅತ್ತಿ ಮನೀ ಅಜ್ಜಿ ಎರಡನೇ ಹೋಳಿಗಿ ಕೇಳಿ ಇಸಕೊಂಡಾಳ! ನಮ್ಮವ್ವ ಫೋನ್ ಕಸೀಲಾಕತ್ಯಾಳ, ತಡಿ.”

ಆಮೇಲೆ ಶ್ರೀಪ್ರಿಯಾಳ ತಾಯಿಯ ದನಿ, ತಡವರಿಸುತ್ತ: “ಮಂಗಲಾ... ಅಲ್ಲಿ ಕರೆಂಟ್ ಇದ್ದಿಲ್ಲಂತ ಈಗ ಗೊತ್ತಾತವ್ವ. ಬಾಣಂತನದ ಖಾರಾನೂ ನೀನೇ ಮಾಡಿ ಕೊಡಬೇಕು, ನೋಡು.”

ಮಂಗಲಾ “ಹೂಂನ್ರಿ” ಎಂದಳು. ಫೋನಿಟ್ಟ ಮೇಲೆ ಸೆರಗನ್ನು ಕಣ್ಣಿಗೊತ್ತಿಕೊಂಡು ಬಹಳ ಹೊತ್ತು ಕೂತಳು. ಗುರುಲಿಂಗಮ್ಮ ಅವಳ ಬೆನ್ನಿಗೆ ಬೀಸಣಿಗೆಯಿಂದ ಗಾಳಿ ಹಾಕಿದಳು.

ಬಿಸಿಲು ಇಳಿಯುವಾಗ ಕರೆಂಟು ಬಂತು. ಫ್ಯಾನು ಕಿರುಗುಟ್ಟಿ ಎದ್ದಿತು. ಖಾಲಿ ಫ್ರಿಜ್ಜು ಗಂಟಲು ಸರಿಪಡಿಸಿಕೊಂಡು ಗುಂಯ್ ಎಂದು ಹಾಡತೊಡಗಿತು. ಓಣಿಯ ಮಕ್ಕಳು ಹೋ ಎಂದರು. ಆ ಗದ್ದಲದಲ್ಲಿ ಮೆಟ್ಟಿಲಿಳಿದು ಬಂದ ಸದ್ದು ಮಂಗಲಾಳಿಗೆ ಮಾತ್ರ ಕೇಳಿಸಿತು.

ಸಂಕೇತ ಬಾಗಿಲಲ್ಲಿದ್ದ. ಕೈಯಲ್ಲಿ ಡಬ್ಬಿ. ಇಂದು ಮೆಟ್ಟಿಲನ್ನೂ ನೋಡಲಿಲ್ಲ, ಚೌಕಟ್ಟನ್ನೂ ನೋಡಲಿಲ್ಲ. ಅವಳನ್ನೇ ನೋಡಿದ.

ಅವಳು ಡಬ್ಬಿ ತೆಗೆದುಕೊಂಡಳು. ಹಗುರ. ಮುಚ್ಚಳ ತೆರೆದಳು. ತೊಳೆದು ಒರೆಸಿದ ಬರಿಯ ಸ್ಟೀಲು. ತಳದಲ್ಲಿ ಅವಳದೇ ಮುಖ, ಸ್ವಲ್ಪ ಅಗಲವಾಗಿ, ಸ್ವಲ್ಪ ಬೆಳಕಾಗಿ. ಸಕ್ಕರೆಯ ಒಂದು ಕಾಳೂ ಇರಲಿಲ್ಲ.

“ಈ ಸಲ ಏನೂ ಹಾಕಿಲ್ರಿ,” ಎಂದ ಸಂಕೇತ. “ಬೇಕಂತಲೇ ಹಾಕಿಲ್ಲ. ಹಿಂಗ ತಗೋತೀರೇನು?”

ಅವಳಿಗೆ ಅರ್ಥವಾಯಿತು. ಒಂದೇ ಮನೆಯೊಳಗಾದರೆ ಡಬ್ಬಿ ಖಾಲಿಯಿದ್ದರೂ ಯಾರೂ ಕೇಳರು ಎಂದಿದ್ದಳಲ್ಲ ಅತ್ತೆ. ಅವಳು ಅತ್ತೆಯ ಕಡೆ ತಿರುಗಿದಳು.

ಗುರುಲಿಂಗಮ್ಮ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ತಲೆಯೆತ್ತಲಿಲ್ಲ. ಒಂದು ಶೇಂಗಾ ಒಡೆದಳು, ಇನ್ನೊಂದು ಒಡೆದಳು. ಡಬ್ಬಿಯ ಮೇಲಿನ ಮಗನ ಹೆಸರಿನ ಮೇಲೆ ಅವಳ ಕಣ್ಣು ಒಂದು ಕ್ಷಣ ಹೋಗಿ ಬಂದದ್ದನ್ನು ಮಂಗಲಾ ಕಂಡಳು. ಆ ಕಣ್ಣಲ್ಲಿ ನೀರಿತ್ತು, ಸಿಟ್ಟಿರಲಿಲ್ಲ.

“ಆ ಹೆಸರು ಹಂಗೇ ಇರ್ಲಿ ಅಮ್ಮಾರ,” ಎಂದ ಸಂಕೇತ ಮೆಲ್ಲಗೆ. “ಅವರದೇ ಡಬ್ಬಿ ಅದು. ನನಗ ಅದರಾಗ ಊಟ ಸಿಕ್ರ ಸಾಕು.”

ಗುರುಲಿಂಗಮ್ಮ ಮೂಗು ಎಳೆದುಕೊಂಡು, ಸೆರಗಿನಿಂದ ಒರೆಸಿಕೊಂಡಳು.

“ಮಂಗಲಾ, ಯಂಕಪ್ಪ ಸಿಕ್ರ ಒಂದು ಬೋರ್ಡ್ ಬರಸಾಕ ಹೇಳವ್ವ.”

“ಯಾವ ಬೋರ್ಡ್ ಅತ್ತೀ?”

“ಮ್ಯಾಲಿನ ಮನೀ ಬಾಡಿಗಿಗಿ ಅದ ಅಂತ,” ಎಂದಳು ಮುದುಕಿ, ಇನ್ನೊಂದು ಶೇಂಗಾ ಒಡೆಯುತ್ತ. “ಖಾಲಿ ಆಗೂಹಂಗ ಕಾಣಸ್ತದ.”

ಮಂಗಲಾ ಡಬ್ಬಿಯನ್ನು ಎದೆಗಾನಿಸಿಕೊಂಡು ಅಡುಗೆಮನೆಗೆ ಹೋದಳು. ತನ್ನ ಹಲಗೆಯ ಮೇಲೆ, ತನ್ನ ಪಾತ್ರೆಗಳ ಸಾಲಿನಲ್ಲಿ ಅದನ್ನು ಬೋರಲಾಗಿ ಇಟ್ಟಳು. ಕೈ ಸ್ವಲ್ಪ ಹೊತ್ತು ಅದರ ಮೇಲೆಯೇ ಇತ್ತು. ಆಮೇಲೆ ಬಾಗಿಲಿಗೆ ಬಂದು, ಸೆರಗು ಸರಿಮಾಡಿಕೊಂಡು, ಮೊದಲ ಸಲ ಸರ ಎನ್ನದೆ ಅವನನ್ನು ಕರೆದಳು.

“ಸಂಕೇತ್, ನಾಳಿ ಮುಂಜಾನಿ ಬಸ್ಸಿಗಿ ಬುತ್ತಿ ಅದರಾಗೇ ಕಟ್ತೀನಿ. ಸಂಜಿಗಿ ಮರೀದೇ ತರ್ರಿ.”

ಅವನು ತಲೆಯಾಡಿಸಿದ.

“ಖಾಲೀನ ತರ್ರಿ,” ಎಂದಳು.